ಗಲಗಲಿಯ ಎಂಜಿನ್ ಜಾಮಾದ ಕಾರಣ

ಸಂಕ್ರಾಂತಿಗೆ ಇನ್ನು ನಾಲ್ಕು ದಿನ ಇರುವಾಗ ಗಲಗಲಿಯ ಗೌಡರ ಫೋನು ಬಂತು. ಏಳು ವರ್ಷದಿಂದ ಅವರ ತೋಟದ ಶೆಡ್ಡಿನ ಹಿಂದೆ ನಿಂತೇ ಇದ್ದ ಕೊಯ್ಲಿನ ಮಷಿನ್ನನ್ನು ಮತ್ತೆ ಓಡಿಸಬೇಕಿತ್ತು. ಮಷಿನ್ನಿನಿಂದಲೇ ಕೊಯ್ಯಬೇಕೆಂದು ಈ ಸಲ ಎತ್ತರ ಬೆಳೆಯುವ ತಳಿಯ ಕಡಲೆ ಬಿತ್ತಿದ್ದರು. ಕೈಯಿಂದ ಕೀಳುವುದಕ್ಕೆ ಆಳು ಸಿಗುತ್ತಿರಲಿಲ್ಲ, ಇದ್ದವರೆಲ್ಲ ಬಾಡಗಂಡಿ ಕಡೆ ಕಬ್ಬಿನ ಕಟಾವಿಗೆ ಹೋಗಿದ್ದರು. ಹೊರರಾಜ್ಯದ ಬಾಡಿಗೆ ಮಷಿನ್ನುಗಳು ನಮ್ಮ ಸೀಮೆಗೆ ಬಂದು ಮುಟ್ಟುವುದರೊಳಗೆ ಕಾಯಿ ಒಣಗಿ ಸಿಡಿದು ಅರ್ಧ ಬೆಳೆ ನೆಲಕ್ಕೆ ಬಿದ್ದಿರುತ್ತದೆ. ನಿಮ್ಮ ಕೈಯಲ್ಲಿ ಪಳಗಿದ ಮಷಿನ್ನು, ನೀವೇ ಬರಬೇಕು ಎಂದರು.

ನನ್ನ ಕೈಯಲ್ಲಿ ಪಳಗಿದ್ದು ಎನ್ನುವುದು ಸುಳ್ಳಲ್ಲ. ಜಮಖಂಡಿಯಲ್ಲಿ ಮುಧೋಳ ರಸ್ತೆಗೆ ನನ್ನ ಗ್ಯಾರೇಜು. ಆ ಮಷಿನ್ನು ಓಡುತ್ತಿದ್ದ ಕಾಲದಲ್ಲಿ ಪ್ರತಿ ಸುಗ್ಗಿಗೆ ಮುಂಚೆ ಅದರ ಎಂಜಿನ್ನಿಗೆ ಆಯಿಲ್, ಫಿಲ್ಟರ್ ಬದಲಿಸಿ ಕೊಡುತ್ತಿದ್ದವನು ನಾನೇ. ಅದು ನಿಂತುಹೋದ ದಿನವೂ ಗೌಡರು ನನ್ನನ್ನೇ ಕರೆಸಿದ್ದರು.

ಆ ದಿನದ ಮಾತನ್ನು ಮೊದಲೇ ಹೇಳಿಬಿಡಬೇಕು. ಗೋಧಿ ಸುಗ್ಗಿಯ ಎರಡನೆಯ ದಿನ, ಹೊಲದ ನಟ್ಟನಡುವೆ ಎಂಜಿನ್ನು ಕಟಕಟ ಎಂದು ಒಮ್ಮೆಲೇ ಬಿಗಿಹಿಡಿದು ನಿಂತುಬಿಟ್ಟಿತ್ತು. ನಾನು ಹೋಗಿ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದೆ, ಒಣಗಿತ್ತು. ರಾಡು ಹಾಕಿ ತಿರುಗಿಸಿದರೆ ಎಂಜಿನ್ನು ಕೂದಲೆಳೆಯಷ್ಟೂ ಅಲುಗಲಿಲ್ಲ. ಒಂಬತ್ತು ವರ್ಷದಿಂದ ಅದೇ ಮಷಿನ್ನು ಓಡಿಸುತ್ತಿದ್ದ ಡ್ರೈವರ್ ಪಕ್ಕದಲ್ಲಿ ನಿಂತಿದ್ದ. "ಮುಂಜಾನೆ ಕಡ್ಡಿ ಎಳದ ನೋಡೇನ್ರಿ ಮಿಸ್ತ್ರೀ. ಆಯಿಲ್ ಗೆರಿ ತನಕಾ ಇತ್ತು," ಎಂದ.

ಗೌಡರೂ ಸೇರಿ ಹತ್ತು ಹನ್ನೆರಡು ಮಂದಿ ಸುತ್ತ ನಿಂತಿದ್ದರು. ನನಗೆ ಗ್ಯಾರೇಜಿನಲ್ಲಿ ಮೂರು ಟ್ರ್ಯಾಕ್ಟರ್ ಕಾಯುತ್ತಿದ್ದವು. ನಾನು ಅವನ ಮುಖ ಕೂಡ ನೋಡದೆ ಹೇಳಿದೆ: "ಇದ್ದ ಆಯಿಲ್ ಎಲ್ಲಿ ಹೋತು ಹಂಗಾರ? ಆಯಿಲ್ ಇಲ್ಲದ ಓಡಿಸಿ ಎಂಜಿನ್ ತಿಂದಾನ್ರಿ ಇಂವಾ."

ಅಷ್ಟು ಸಾಕಾಯಿತು. ಅದೇ ದಿನ ಗೌಡರು ಅವನನ್ನು ಕೆಲಸ ಬಿಡಿಸಿದರು. ಸುತ್ತಲಿನ ನಾಲ್ಕು ತಾಲೂಕುಗಳಲ್ಲಿ ಮಷಿನ್ನು, ಟ್ರ್ಯಾಕ್ಟರ್ ಇಟ್ಟವರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರೇ. ಆಯಿಲ್ ನೋಡದ ಡ್ರೈವರ್ ಎಂದು ಒಮ್ಮೆ ಹೆಸರಾದ ಮೇಲೆ ಅವನ ಕೈಗೆ ಯಾರೂ ಸ್ಟೇರಿಂಗ್ ಕೊಡಲಿಲ್ಲ. ಎಂಜಿನ್ ರಿಪೇರಿಯನ್ನು ಮುಂದಿನ ವರ್ಷ ನೋಡೋಣ ಎಂದು ಗೌಡರು ಬಿಟ್ಟರು. ಆ ಮಳೆಗಾಲದಲ್ಲಿ ಹೊಳೆ ಉಕ್ಕಿ ನೀರು ಮಷಿನ್ನಿನ ಅಚ್ಚಿನ ತನಕ ಬಂದು ನಿಂತಿತು. ಆಮೇಲೆ ಅದರ ಕಡೆ ಯಾರೂ ಹೋಗಲಿಲ್ಲ.

ಫೋನು ಬಂದ ಮರುದಿನ ಹೋಗಿ ನೋಡಿದೆ. ನಾಲ್ಕೂ ಟೈರು ನೆಲಕ್ಕೆ ಕೂತಿದ್ದವು. ಕಾಳು ತುಂಬುವ ಟ್ಯಾಂಕಿನೊಳಗೆ ಕಣಜದ ಹುಳುಗಳು ಗೂಡು ಕಟ್ಟಿದ್ದವು. ವೈರುಗಳನ್ನು ಇಲಿ ತಿಂದು ಬರೀ ತಾಮ್ರ ಉಳಿದಿತ್ತು. ಕಾಳನ್ನು ಮೇಲಕ್ಕೆ ಒಯ್ಯುವ ಚೈನಿನ ಗೂಡಿನ ತಳದಲ್ಲಿ ಹೊಳೆಯ ಕೆಸರು ಇಟ್ಟಂಗಿಯ ಹಾಗೆ ಗಟ್ಟಿಯಾಗಿತ್ತು. ಅದನ್ನು ಉಳಿ ಹಚ್ಚಿ ಒಡೆದು ತೆಗೆಯುವುದಕ್ಕೇ ತೋಟದ ಆಳು ಮತ್ತು ನಾನು ಎರಡು ದಿನ ಕಳೆದೆವು. ಮುಂದಿನ ಕಟರ್ ಪಟ್ಟಿಯ ಹಲ್ಲುಗಳು ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಡೀಸೆಲ್ ಸುರಿದು, ಬಿಸಿ ಮಾಡಿ, ಒಂದೊಂದನ್ನೇ ಬಿಡಿಸಬೇಕಾಯಿತು. ಇಷ್ಟೆಲ್ಲ ಆಗುವ ಕೆಲಸವೇ. ಬೇಕಾದ್ದು ಎಣ್ಣೆ, ಬೆಂಕಿ, ತಾಳ್ಮೆ. ಅಸಲಿ ಪ್ರಶ್ನೆ ಎಂಜಿನ್ನಿನದು.

ಎಂಜಿನ್ನಿನ ಮೇಲಿನ ಮುಚ್ಚಳ, ಹೆಡ್ ಬಿಚ್ಚಿ ಆರೂ ಸಿಲಿಂಡರಿಗೆ ಡೀಸೆಲ್ ತುಂಬಿ ಎರಡು ದಿನ ಬಿಟ್ಟೆ. ಪಿಸ್ಟನ್ ಸಡಿಲವಾದವು, ಆದರೂ ಎಂಜಿನ್ ತಿರುಗಲಿಲ್ಲ. ಕೆಳಗಿನಿಂದ ಮಲಗಿ ಆಯಿಲ್ ಚೇಂಬರ್ ಇಳಿಸಿದೆ. ಒಳಗೆ ಒಂದು ಬೊಗಸೆ ಕರಿ ರಾಡಿ, ಅದರಲ್ಲಿ ಬೆಳ್ಳಿಯ ಚೂರಿನಂತೆ ಮಿನುಗುವ ಲೋಹ. ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕನ್ನು ಹಿಡಿದಿಡುವ ಬೇರಿಂಗ್ ಶೆಲ್ಲುಗಳು ಕರಗಿ ಅದಕ್ಕೇ ಮೆತ್ತಿಕೊಂಡಿದ್ದವು. ಎಂಜಿನ್ನನ್ನು ಹೊರಗೆ ತೆಗೆಯದೆ ಗತಿ ಇರಲಿಲ್ಲ. ಮೂರು ಬೊಂಬು ಕಟ್ಟಿ ಚೈನ್ ಪುಲ್ಲಿ ಹಚ್ಚಿದೆವು. ಎತ್ತುವ ಮುಂಚೆ ಬದಿಯ ಸಾಮಾನುಗಳನ್ನೆಲ್ಲ ಬಿಚ್ಚಬೇಕು. ಡೀಸೆಲ್ ಪಂಪು, ಡೈನಮೋ ಬಿಚ್ಚಿದ ಮೇಲೆ ಕೊನೆಗೆ ಉಳಿದದ್ದು ಆಯಿಲ್ ಫಿಲ್ಟರ್.

ಅದು ತಗಡಿನ ಮರೆಯಲ್ಲಿ, ಎಂಜಿನ್ನಿನ ಒಳಬದಿಗೆ ಇತ್ತು. ತಗಡು ತೆಗೆದಾಗ ಹೊಟ್ಟು, ಧೂಳು, ಆಯಿಲ್ ಸೇರಿ ಡಾಂಬರಿನ ಹಾಗೆ ಗಟ್ಟಿಯಾದ ಒಂದು ಪದರು ಕಂಡಿತು. ಸ್ಕ್ರೂಡ್ರೈವರಿನಿಂದ ಕೆರೆಯುತ್ತ ಹೋದೆ. ಪದರು ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಫಿಲ್ಟರಿನ ಬಾಯಿಯ ಹತ್ತಿರ ಬೆರಳಿನಷ್ಟು ದಪ್ಪ, ಅಲ್ಲಿಂದ ಕೆಳಗೆ ಕಾಲುವೆಯಂತೆ ಇಳಿದಿತ್ತು. ಆಯಿಲ್ ಸೋರಿದ್ದು ಅಲ್ಲಿಂದಲೇ. ಫಿಲ್ಟರ್ ಕೈಗೆ ಬಗ್ಗಲಿಲ್ಲ, ಸ್ಕ್ರೂಡ್ರೈವರನ್ನು ಅಡ್ಡಲಾಗಿ ಹೊಡೆದು ತಿರುಗಿಸಿ ತೆಗೆದೆ. ಅದರ ಬಾಯಿಗೆ ಒಂದು ರಬ್ಬರ್ ಉಂಗುರ ಇತ್ತು. ಎಂಜಿನ್ನಿನ ಮುಖಕ್ಕೆ ಅಂಟಿಕೊಂಡು ಇನ್ನೊಂದು ಇತ್ತು. ಒಂದು ಬದಿಯಲ್ಲಿ ಅದು ಜಾರಿ ನಾಲಿಗೆಯಂತೆ ಹೊರಗೆ ಬಂದಿತ್ತು.

ಇದು ಏನೆಂದು ಗೊತ್ತಾಗಲು ಮೆಕ್ಯಾನಿಕ್ ಆಗಬೇಕಿಲ್ಲ. ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರೂ ಜೊತೆಗೇ ಬರಬೇಕು. ಕೆಲವೊಮ್ಮೆ ಬಿಸಿಗೆ ಅದು ಎಂಜಿನ್ನಿನ ಮುಖಕ್ಕೇ ಅಂಟಿ ಉಳಿಯುತ್ತದೆ. ಕಪ್ಪಿನ ಮೇಲೆ ಕಪ್ಪು, ಕಣ್ಣಿಗೆ ಕಾಣುವುದಿಲ್ಲ, ಬೆರಳಿನಿಂದ ಸವರಿ ನೋಡಬೇಕು. ನೋಡದೆ ಹೊಸ ಫಿಲ್ಟರ್ ಕೂಡಿಸಿದರೆ ಎರಡು ರಬ್ಬರ್ ಒಂದರ ಮೇಲೊಂದು ಕೂರುತ್ತವೆ. ಸುಮ್ಮನೆ ಸ್ಟಾರ್ಟ್ ಮಾಡಿ ನೋಡಿದರೆ ಒಂದು ಹನಿಯೂ ಸೋರುವುದಿಲ್ಲ. ಹೊಲಕ್ಕಿಳಿದು ಎಂಜಿನ್ನಿಗೆ ಭಾರ ಬಿದ್ದು ಆಯಿಲ್ ಬಿಸಿಯಾದಾಗ ಒಂದು ರಬ್ಬರ್ ಜಾರುತ್ತದೆ. ಚೇಂಬರಿನ ಆಯಿಲೆಲ್ಲ ಎರಡು ಮೂರು ನಿಮಿಷದಲ್ಲಿ ಹೊರಗೆ ಹೋಗುತ್ತದೆ. ಧೂಳು, ಸದ್ದಿನ ನಡುವೆ ಮೇಲೆ ಕೂತ ಡ್ರೈವರಿಗೆ ಏನೂ ಕಾಣುವುದಿಲ್ಲ. ಆಯಿಲ್ ಒತ್ತಡ ತೋರಿಸುವ ಮೀಟರ್ ಅವನ ಮುಂದೆ ಇತ್ತು ನಿಜ. ಆ ಹೊತ್ತಿಗೆ ಅದು ಕೆಟ್ಟು ಎರಡು ವರ್ಷವಾಗಿತ್ತು. ಅವನು ಹಾಕಿಸಿ ಕೊಡಿ ಎಂದಾಗ ಎಂಜಿನ್ ಛಲೋ ಐತಿ, ಅವಸರ ಇಲ್ಲ ಎಂದು ಗೌಡರಿಗೆ ಹೇಳಿದವನೂ ನಾನೇ.

ಫಿಲ್ಟರನ್ನು ಯಾರು ಕೂಡಿಸಿದ್ದು ಎಂಬ ಅನುಮಾನಕ್ಕೂ ಜಾಗ ಇರಲಿಲ್ಲ. ಹಾಕಿದ ದಿನಾಂಕವನ್ನು ನಾನು ಬಿಳಿ ಪೇಂಟಿನಲ್ಲಿ ಬರೆಯುತ್ತೇನೆ. ಬಟ್ಟೆಯಿಂದ ಒರೆಸಿದರೆ ನನ್ನ ಅಕ್ಷರ ಹಾಗೇ ಇತ್ತು. ಎಂಜಿನ್ ನಿಂತದ್ದಕ್ಕೆ ಮೂರು ದಿನ ಮುಂಚಿನ ದಿನಾಂಕ.

ತೋಟದ ಆಳು ಏನಾಯಿತೆಂದು ಕೇಳಿದ. ಏನಿಲ್ಲ, ಹಳೆಯ ಫಿಲ್ಟರ್ ಎಂದೆ. ಎರಡೂ ರಬ್ಬರನ್ನು ಬಟ್ಟೆಯಲ್ಲಿ ಸುತ್ತಿ, ಪಾನಾ, ಸ್ಕ್ರೂಡ್ರೈವರ್ ಇಡುವ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಆಮೇಲೆ ಚೈನ್ ಪುಲ್ಲಿ ಎಳೆದೆವು, ಎಂಜಿನ್ ಮೇಲೆದ್ದಿತು.

ಮುಂದಿನ ಮೂರು ವಾರ ನಾನು ಯಾರಿಗೂ ಏನೂ ಹೇಳಲಿಲ್ಲ. ಕೆಲಸ ಮುಗಿಯಲಿ ಎಂದು ನನಗೆ ನಾನೇ ಹೇಳಿಕೊಂಡೆ. ನಾಚಿಕೆಯಾಗುತ್ತಿತ್ತೇ ಎಂದು ಕೇಳಿದರೆ, ಮೊದಲು ಬಂದದ್ದು ನಾಚಿಕೆಯಲ್ಲ, ಅಂಜಿಕೆ. ಈ ಸೀಮೆಯಲ್ಲಿ ನನ್ನ ಕೈಗುಣದ ಮೇಲೆ ಜನರಿಗಿದ್ದ ನಂಬಿಕೆಯೇ ನನ್ನ ಗ್ಯಾರೇಜು. ಆ ಡ್ರೈವರನ ಹೆಸರು ಹೇಗೆ ಹೋಯಿತೋ ಹಾಗೇ ನನ್ನದೂ ಹೋಗುತ್ತದೆ ಎಂಬ ಲೆಕ್ಕ ಮನಸ್ಸು ತಕ್ಷಣ ಹಾಕಿತ್ತು. ಆ ಲೆಕ್ಕ ಹಾಕುವಾಗ ಅವನದು ಹೋದದ್ದು ಹೇಗೆ ಎಂದು ನನಗೆ ಮೊದಲ ಸಲ ತಿಳಿಯಿತು.

ಕ್ರ್ಯಾಂಕಿನ ಮೇಲೆ ಬಿದ್ದ ಗೀರು ಹೋಗುವಂತೆ ಅರೆಸಲು ಅದನ್ನು ಸಾಂಗ್ಲಿಗೆ ಕಳಿಸಿದೆ. ಅದು ಬಂದಿತು, ಆದರೆ ಅದಕ್ಕೆ ತರಿಸಿದ ಶೆಲ್ಲುಗಳ ಅಳತೆ ತಪ್ಪಿತ್ತು. ಡಬ್ಬಿಯ ಮೇಲಿನ ನಂಬರು ಒಂದು, ಒಳಗಿನ ಸಾಮಾನು ಇನ್ನೊಂದು. ವಾಪಸು ಕಳಿಸಿ ಬೇರೆ ತರಿಸುವುದರೊಳಗೆ ಎಂಟು ದಿನ ಹೋದವು. ಹೊಲದಲ್ಲಿ ಕಡಲೆಯ ಎಲೆ ಹಳದಿಯಾಗಿ ಉದುರತೊಡಗಿತ್ತು. ಗೌಡರು ದಿನಕ್ಕೆರಡು ಸಲ ಬಂದು ನಿಂತು ಹೋಗುತ್ತಿದ್ದರು. ತುಕ್ಕು ತಿಂದಿದ್ದ ಎರಡು ಸಿಲಿಂಡರ್ ಲೈನರ್ ಬದಲಿಸಿದೆ. ಪಿಸ್ಟನ್ ಕೂಡಿಸಿ, ಪ್ರತಿ ಬೋಲ್ಟನ್ನು ಅಳತೆಯ ಪಾನಾದಿಂದ ಎರಡೆರಡು ಸಲ ಬಿಗಿದು ನೋಡಿದೆ. ಹೊಸ ಆಯಿಲ್ ಮೀಟರ್ ಹಾಕಿದೆ. ಫಿಲ್ಟರ್ ಕೂಡಿಸುವಾಗ ಎಂಜಿನ್ನಿನ ಮುಖವನ್ನು ಬೆರಳಿನಿಂದ ಎಷ್ಟು ಸಲ ಸವರಿದೆನೋ ನನಗೇ ಗೊತ್ತಿಲ್ಲ.

ಡೀಸೆಲ್ ಪೈಪಿನ ಗಾಳಿ ತೆಗೆದು ಸ್ಟಾರ್ಟ್ ಕೊಟ್ಟಾಗ ಎರಡು ಸಲ ಬರೀ ಬಿಳಿ ಹೊಗೆ ಬಂತು. ಮೂರನೆಯ ಸಲ ಒಂದು ಸಿಲಿಂಡರ್ ಹಿಡಿಯಿತು, ಮತ್ತೊಂದು ಹಿಡಿಯಿತು, ಆಮೇಲೆ ಆರೂ ಒಂದಾಗಿ ಎಂಜಿನ್ ಸಮನಾಗಿ ಓಡತೊಡಗಿತು. ತೋಟದ ಆಳು ತೆಂಗಿನಕಾಯಿ ಒಡೆದ. ಗೌಡರು ನನ್ನ ಹೆಗಲ ಮೇಲೆ ಕೈ ಇಟ್ಟು, ನಿಮ್ಮಂಥ ಮಿಸ್ತ್ರಿ ಸಿಗುವುದಿಲ್ಲ ಎಂದರು. ಅಂಥ ಮಾತಿಗಾಗಿ ನಾನು ಜೀವಮಾನವೆಲ್ಲ ದುಡಿದಿದ್ದೇನೆ. ಅವತ್ತು ಅದು ಕಿವಿಗೆ ಬಿದ್ದಾಗ ಅಲ್ಲಿಂದ ಎದ್ದು ಹೋಗಬೇಕೆನಿಸಿತು.

ಆದರೆ ಎಂಜಿನ್ ಓಡಿದ ಮಾತ್ರಕ್ಕೆ ಕೊಯ್ಲಾಗುವುದಿಲ್ಲ. ಮುಧೋಳದಿಂದ ಬಂದ ಹೊಸ ಡ್ರೈವರ್ ಮರುದಿನ ಮಷಿನ್ನನ್ನು ಹೊಲಕ್ಕಿಳಿಸಿದ. ಟ್ಯಾಂಕಿಗೆ ಬಂದದ್ದು ಅರ್ಧ ಕಾಳು, ಅರ್ಧ ಬೇಳೆ. ಒಳಗೆ ಕಾಯಿ ಬಡಿಯುವ ಡ್ರಮ್ ಜೋರಾಗಿ ತಿರುಗಿ ಕಡಲೆಯನ್ನೆಲ್ಲ ಒಡೆಯುತ್ತಿತ್ತು. ನಿಧಾನ ಮಾಡಿದರೆ ಕಾಯಿ ಹಾಗೇ ಹಿಂದಿನಿಂದ ಹೊಟ್ಟಿನ ಜೊತೆ ಹೊರಗೆ ಬೀಳುತ್ತಿತ್ತು. ಗೋಧಿಗೆಂದು ಮಾಡಿದ ಮಷಿನ್ನದು. ಹಳೆಯ ಡ್ರೈವರ್ ಅದನ್ನು ಕಡಲೆಗೆ ಒಗ್ಗಿಸಿಕೊಂಡಿದ್ದ, ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಎಂಜಿನ್ನಿನವನು, ಬಡಿಯುವ ಭಾಗದ ಹದ ನನಗೆ ಬರುವುದಿಲ್ಲ. ಎರಡು ದಿನ ಒದ್ದಾಡಿದೆವು. ಬಿಸಿಲು ಏರುತ್ತಿತ್ತು, ಹೊಲದಲ್ಲಿ ನಡೆದರೆ ಕಾಯಿ ಪಟಪಟ ಸಿಡಿಯುವುದು ಕೇಳುತ್ತಿತ್ತು.

ಹಳೆಯ ಡ್ರೈವರನ್ನು ಕರೆಸಿ ಎಂದು ಗೌಡರಿಗೆ ನಾನೇ ಹೇಳಿದೆ. ಎಂಜಿನ್ ಸುಟ್ಟವನನ್ನು ಮತ್ತೆ ಹತ್ತಿಸಬೇಕೇ ಎಂದು ಅವರು ಕೇಳಿದರು. ಇನ್ನು ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ. ಪಾನಾ ಪೆಟ್ಟಿಗೆಯಿಂದ ಎರಡೂ ರಬ್ಬರ್ ತೆಗೆದು ಅವರ ಅಂಗೈ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ತಪ್ಪು ನನ್ನದು, ಅವನದು ಏನೂ ಇಲ್ಲ ಎಂದೆ.

ಅವರು ರಬ್ಬರನ್ನು ಹೊರಳಿಸಿ ನೋಡಿದರು. ಸಿಟ್ಟಿಗೇಳುತ್ತಾರೆ, ಬೈಯುತ್ತಾರೆ ಎಂದು ಕಾದಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಅವನ್ನು ನನ್ನ ಕೈಗೆ ವಾಪಸು ಕೊಟ್ಟರು. "ಆಗೂದು ಆಗೇತಿ. ಈಗ ಅದನ್ನ ಎಬ್ಬಸೂದು ಬ್ಯಾಡ್ರಿ, ನಿಮಗೂ ಛಲೋ ಅಲ್ಲ, ನನಗೂ ಛಲೋ ಅಲ್ಲ. ಗೌಡ್ರು ಹಳೇದೆಲ್ಲಾ ಮಾಫ್ ಮಾಡ್ಯಾರ, ಬಾ ಅಂತ ಹೇಳ್ರಿ ಅವಂಗ."

ಬೈಕು ಹತ್ತಿ ಅವನಿದ್ದ ಬನಹಟ್ಟಿಗೆ ಹೊರಟೆ. ದಾರಿಯುದ್ದಕ್ಕೂ ಗೌಡರ ಮಾತು ತಲೆಯಲ್ಲಿತ್ತು. ಅದನ್ನು ಹಾಗೇ ಒಯ್ದು ಹೇಳಿದರೆ ಎಲ್ಲರಿಗೂ ಸುಲಭವಾಗುತ್ತಿತ್ತು. ಅವನಿಗೆ ಕೆಲಸ, ಗೌಡರಿಗೆ ಕಡಲೆ, ನನಗೆ ನನ್ನ ಹೆಸರು. ಜಮಖಂಡಿ ದಾಟುವ ತನಕ ಹಾಗೇ ಹೇಳಿಬಿಡುತ್ತೇನೋ ಎಂದೂ ಅನಿಸಿತ್ತು. ತಪ್ಪು ಮಾಡದವನಿಗೆ ಮಾಫಿ ಒಯ್ದು ಕೊಡುವುದು ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಬನಹಟ್ಟಿಯ ಮಗ್ಗದ ಸದ್ದು ಕೇಳುವ ಹೊತ್ತಿಗೆ ಗೊತ್ತಾಯಿತು.

ಅವನು ಅಲ್ಲಿ ಬೇರೆಯವರ ಶೆಡ್ಡಿನಲ್ಲಿ ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದ. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದ. ಒಂದೇ ಕೋಣೆಯ ಬಾಡಿಗೆ ಮನೆ. ಬಾಗಿಲ ಹತ್ತಿರ ಅವನ ಹೆಂಡತಿ ಚಕ್ರ ತಿರುಗಿಸುತ್ತ ನೂಲು ಸುತ್ತುತ್ತಿದ್ದಳು. ಅವನ ಕೂದಲಿಗೆ, ಹುಬ್ಬಿಗೆ ಹತ್ತಿಯ ಧೂಳು ಮೆತ್ತಿತ್ತು. ನನ್ನನ್ನು ನೋಡಿ ಎದ್ದು ನಿಂತು, ಚಾಪೆ ಹಾಸಿ, ನೀರು ಕೊಟ್ಟ. ಏಳು ವರ್ಷದ ಹಿಂದೆ ನಾನು ಅವನಿಗೆ ಲೇ ಎನ್ನುತ್ತಿದ್ದೆ. ಅವತ್ತು ರೀ ಹಚ್ಚಿ ಮಾತಾಡಿದೆ. ಎರಡೂ ರಬ್ಬರ್ ಚಾಪೆಯ ಮೇಲಿಟ್ಟೆ. ಎಲ್ಲಿ ಸಿಕ್ಕವು ಎಂಬುದನ್ನಷ್ಟೇ ಹೇಳಬೇಕಾಯಿತು. ಅವನು ಮಷಿನ್ನಿನವನು, ಉಳಿದದ್ದು ಅವನಿಗೇ ತಿಳಿಯಿತು.

"ಹಂಗಾರ ಆಯಿಲ್ ಇತ್ತು," ಎಂದ.

"ಇತ್ರಿ."

"ನಾ ನೋಡಿದ್ದು ಖರೆ."

"ಖರೆ ಐತ್ರಿ. ತಪ್ಪು ನಂದು."

ಅವನು ರಬ್ಬರುಗಳನ್ನು ಒಂದರ ಮೇಲೊಂದು ಕೂಡಿಸಿ ನೋಡಿದ. ಆಮೇಲೆ ತನಗೆ ತಾನೇ ಹೇಳಿಕೊಳ್ಳುವ ಹಾಗೆ ನಿಧಾನವಾಗಿ ಹೇಳಿದ: "ಮೊದಲ ಒಂದೆರಡ ವರ್ಷ ನಾ ನೋಡೇನಿ, ನೋಡೇನಿ ಅಂತಿದ್ದೆ. ಆಮ್ಯಾಲ ನಂಗ ಅನುಮಾನ ಬಂತ್ರಿ. ಕಡ್ಡಿ ಎಳದ ನೋಡಿದ್ದು ಹಿಂದಿನ ದಿನಾ ಇರಬೇಕು, ಅವತ್ತ ಮರತಿರಬೇಕು ಅಂತ. ಎಲ್ಲಾರೂ ಅದನ್ನ ಹೇಳಿದ್ರ ಏನ್ ಮಾಡೂದ್ರಿ. ಈಗ ಯಾರರ ಕೇಳಿದ್ರ, ಹೌದು, ನಾನ ತಪ್ಪ ಮಾಡೇನಿ ಅಂತ ಹೇಳತಿದ್ದೆ."

ನೂಲಿನ ಚಕ್ರ ನಿಂತಿತ್ತು. ಅವನ ಹೆಂಡತಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು. "ಅಣ್ಣಾರ, ನಾನೂ ಇವರಿಗೆ ಅದನ್ನ ಅನಕೋತ ಬಂದೇನ್ರಿ. ಒಂದ ಕಡ್ಡಿ ಎಳದ ನೋಡಾಕ ನಿಮಗೇನ್ ಧಾಡಿ ಆಗಿತ್ತು ಅಂತ," ಎಂದಳು. ಎದ್ದು ಹಿತ್ತಲಿಗೆ ಹೋದಳು. ನಾನು ಅಲ್ಲಿರುವ ತನಕ ಮತ್ತೆ ಒಳಗೆ ಬರಲಿಲ್ಲ.

ಗೌಡರು ಏನು ಹೇಳಿ ಕಳಿಸಿದ್ದರೋ ಅದನ್ನೂ ಬಚ್ಚಿಡದೆ ಹೇಳಿದೆ. ಅವನು ನಗಲಿಲ್ಲ, ಸಿಟ್ಟಾಗಲಿಲ್ಲ. ಕಡಲೆ ಎಷ್ಟು ಒಣಗಿದೆ, ಡ್ರಮ್ಮಿಗೆ ಯಾವ ಪುಲ್ಲಿ ಹಾಕಿದ್ದಾರೆ ಎಂದು ಕೇಳಿದ. ನನ್ನನ್ನು ಕ್ಷಮಿಸಿದ್ದೇನೆ ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ, ಕೇಳುವ ಧೈರ್ಯ ಇರಲಿಲ್ಲ. ನಾಳೆ ಒಂದು ದಿನ ಮಗ್ಗಕ್ಕೆ ರಜೆ ಹಾಕಿ ಬರುತ್ತೇನೆ ಎಂದಷ್ಟೇ ಹೇಳಿದ.

ಮರುದಿನ ಮೊದಲ ಬಸ್ಸಿಗೇ ಬಂದಿಳಿದ. ಮಷಿನ್ನಿಗೆ ಒಂದು ಸುತ್ತು ಹಾಕಿದ. ಬೆಲ್ಟು ಒತ್ತಿ ನೋಡಿದ, ಬೇರಿಂಗಿಗೆ ಕಿವಿಗೊಟ್ಟ. ಡ್ರಮ್ಮಿನ ಕೆಳಗೆ ಕಾಳು ಸೋಸುವ ಜಾಲರಿ ಇರುತ್ತದೆ. ಅದರ ಸರಳುಗಳಲ್ಲಿ ಒಂದು ಬಿಟ್ಟು ಒಂದನ್ನು ಎಳೆದು ತೆಗೆದ. ತೋಟದ ಶೆಡ್ಡಿನ ಅಟ್ಟದ ಮೇಲೆ ಗೋಣಿಚೀಲದಲ್ಲಿ ತಾನೇ ಕಟ್ಟಿಟ್ಟಿದ್ದ ದೊಡ್ಡ ಪುಲ್ಲಿಯನ್ನು ಇಳಿಸಿ ತಂದು ಡ್ರಮ್ಮಿಗೆ ಹಾಕಿದ. ಅದರಿಂದ ಡ್ರಮ್ ನಿಧಾನವಾಗಿ, ಆದರೆ ಭಾರ ತಡೆದು ತಿರುಗುತ್ತಿತ್ತು. ಡ್ರಮ್ಮಿಗೂ ಜಾಲರಿಗೂ ನಡುವಿನ ಸಂದು ಹಿಗ್ಗಿಸಿದ, ಹೊಟ್ಟು ಹಾರಿಸುವ ಗಾಳಿಯ ಬಾಯಿ ಅರ್ಧ ಮುಚ್ಚಿದ. ಒಂದು ಸಾಲು ಕೊಯ್ದು, ಟ್ಯಾಂಕಿನಿಂದ ಒಂದು ಹಿಡಿ ಕಾಳು ತೆಗೆದು ನೋಡಿ, ಮತ್ತೆ ಇಳಿದು ಒಂದು ನಟ್ಟು ಅರ್ಧ ಸುತ್ತು ತಿರುಗಿಸಿದ. ಎರಡನೆಯ ಸಾಲಿಗೆ ಟ್ಯಾಂಕಿನಲ್ಲಿ ಇಡೀ ಕಾಳು ಬೀಳತೊಡಗಿತು.

ಊರಿನ ಏಳೆಂಟು ರೈತರು ಬದುವಿನ ಮೇಲೆ ನಿಂತಿದ್ದರು. ಗೌಡರು ಬಂದು ಅವರೆಲ್ಲರ ಮುಂದೆ ಅವನ ಬೆನ್ನು ತಟ್ಟಿದರು. "ಹೋಗ್ಲಿ ಬಿಡು. ಹಳೇದು ನಾವೂ ಮನಸಿನ್ಯಾಗ ಇಟ್ಟಕೊಂಡಿಲ್ಲ," ಎಂದರು.

ಅವನು ನನ್ನ ಕಡೆ ನೋಡಿದ. ಏನೂ ಕೇಳುವ ನೋಟವಲ್ಲ ಅದು, ಸುಮ್ಮನೆ ನೋಡಿದ. ನಾನು ಗೌಡರ ಎದುರೇ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಎಂಜಿನ್ ಕೆಡಿಸಿದ್ದು ಇವರಲ್ಲ, ನಾನು. ಫಿಲ್ಟರ್ ತಪ್ಪಾಗಿ ಕೂಡಿಸಿದವನು ನಾನು, ನೋಡದೆ ಇವರ ಮೇಲೆ ಹೊರಿಸಿದವನೂ ನಾನು. ಮನೆಯಿಂದ ಹೊರಡುವಾಗಲೇ ಆ ಮಾತು ಜೋಡಿಸಿಕೊಂಡು ಬಂದಿದ್ದೆ.

ಹೇಳಿ ಮುಗಿದ ಮೇಲೆ ಬದುವಿನ ಮೇಲಿದ್ದವರಲ್ಲಿ ಒಬ್ಬರು ಯಾವ ಎಂಜಿನ್ ಎಂದು ಕೇಳಿದರು. ಇನ್ನೊಬ್ಬರಿಗೆ ಅಂಥದ್ದೊಂದು ನಡೆದದ್ದೇ ನೆನಪಿರಲಿಲ್ಲ. ವಯಸ್ಸಾದವರೊಬ್ಬರು ಆಗುತ್ತಿರುತ್ತದೆ ಬಿಡಿ ಎಂದು, ಮಷಿನ್ನು ತಮ್ಮ ಹೊಲಕ್ಕೆ ಯಾವಾಗ ಬರುತ್ತದೆಂದು ಗೌಡರನ್ನು ವಿಚಾರಿಸಿದರು. ಗೌಡರು ಟ್ಯಾಂಕಿನ ಕಡೆ ತಿರುಗಿದರು. ಅಲ್ಲಿಗೆ ಆ ಮಾತು ಮುಗಿಯಿತು. ಏಳು ವರ್ಷ ಒಬ್ಬ ಮನುಷ್ಯ ಹೊತ್ತು ತಿರುಗಿದ ಹೆಸರನ್ನು ಕೊಟ್ಟವರು ಯಾವಾಗಲೋ ಮರೆತಿದ್ದರು. ಅದನ್ನು ವಾಪಸು ತೆಗೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಮಧ್ಯಾಹ್ನದ ತನಕ ಅವನು ಹೊಸ ಡ್ರೈವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಂದೊಂದನ್ನೂ ತೋರಿಸಿಕೊಟ್ಟ. ಎಳೆಬಿಸಿಲಿಗೆ ಸಂದು ಎಷ್ಟು, ಬಿಸಿಲೇರಿದ ಮೇಲೆ ಎಷ್ಟು ಎಂಬುದನ್ನೂ ಬಿಡಲಿಲ್ಲ. ಸುಗ್ಗಿ ಮುಗಿಯುವ ತನಕವಾದರೂ ಇರು ಎಂದು ಗೌಡರು ಹೇಳಿದರು. ಒಲ್ಲೆನ್ರಿ ಎಂದ. ಊಟಕ್ಕೂ ನಿಲ್ಲಲಿಲ್ಲ. ಬೈಕಿನಲ್ಲಿ ಬನಹಟ್ಟಿಗೆ ಬಿಡುತ್ತೇನೆಂದು ನಾನು ಕರೆದೆ. ಬಸ್ಸು ಇದೆಯಲ್ಲ ಎಂದು ನಡೆದೇ ಹೊರಟ. ನಾನೂ ಬೈಕು ಅಲ್ಲೇ ಬಿಟ್ಟು ಅವನ ಜೊತೆ ಸ್ಟ್ಯಾಂಡಿನ ತನಕ ನಡೆದೆ. ಹಿಂದೆ ಹೊಲದಲ್ಲಿ ಮಷಿನ್ನಿನ ಸದ್ದು ಸಮನಾಗಿ ಕೇಳುತ್ತಿತ್ತು.

ಬಸ್ಸು ಬಂದು ನಿಂತ ಮೇಲೆ, ಮೆಟ್ಟಿಲಿಗೆ ಕಾಲಿಡುವ ಮುಂಚೆ ಅವನು ತಿರುಗಿದ.

"ಮಿಸ್ತ್ರೀ, ಅವತ್ತ ತಗಡ ಸರಿಸಿ ಬಗ್ಗಿ ನೋಡಿದ್ರ ಎಷ್ಟೊತ್ತ ಹಿಡೀತಿತ್ತರಿ?"

"ಎರಡ ನಿಮಿಷರಿ," ಎಂದೆ.

ಅವನು ತಲೆಯಾಡಿಸಿ ಬಸ್ಸು ಹತ್ತಿದ.